ನೂರಾ ಹದಿನೆಂಟರ ನಡುಕ

ನನ್ನ ಹೆಂಡತಿಯ ಕೈ ನಡುಗಿದ್ದನ್ನು ನಾನು ಜೋಕು ಮಾಡಿ ಊರೆಲ್ಲ ಹಂಚಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಸುತ್ತಿ ಬಳಸಿ ಹೇಳಲು ಬಿಟ್ಟರೆ ನಾನು ಎಲ್ಲೋ ಒಂದು ಸಂದಿಯಲ್ಲಿ ನುಸುಳಿ, ನನ್ನದೇನೂ ತಪ್ಪಿಲ್ಲ ಎಂಬಂತೆ ಹೊರಗೆ ಬಂದುಬಿಡುತ್ತೇನೆ. ಮೂವತ್ತು ವರ್ಷದ ಸಂಸಾರದಲ್ಲಿ ಆ ಕೆಲಸ ಚೆನ್ನಾಗಿ ರೂಢಿಯಾಗಿದೆ.

ವಾಡಿಯಲ್ಲಿ ಸಿಮೆಂಟ್ ಫ್ಯಾಕ್ಟರಿಯೊಂದರ ಕಂಟ್ರೋಲ್ ರೂಮಿನಲ್ಲಿ ಕೂತು ಭಟ್ಟಿ ನೋಡಿಕೊಳ್ಳುವುದು ನನ್ನ ನೌಕರಿಯಾಗಿತ್ತು. ಈಗ ನಿವೃತ್ತ. ಇದು ನಡೆದಾಗ ಇನ್ನೂ ಎರಡು ವರ್ಷ ಬಾಕಿಯಿತ್ತು. ಸುಣ್ಣದ ಕಲ್ಲು ಸುಡುವ ಆ ಉದ್ದನೆಯ ಭಟ್ಟಿಯನ್ನು ನಾವು ಕಣ್ಣಿನಿಂದ ನಂಬುತ್ತಿರಲಿಲ್ಲ, ಮೀಟರಿನಿಂದ ನಂಬುತ್ತಿದ್ದೆವು. ಕೆಳಗಿನಿಂದ ಯಾರಾದರೂ ಓಡಿಬಂದು ‘ಸಾಹೇಬ್ರ, ಒಳಗ ಏನೋ ಸಪ್ಪಳ ಬರಾಕತ್ತದ’ ಅಂದರೆ ನಾನು ಅವನ ಮುಖ ನೋಡದೆ ಪರದೆ ನೋಡಿ, ‘ಮೀಟರ್ ಛಲೋ ಅದಲ್ಲೋ, ನಡಿ’ ಅನ್ನುತ್ತಿದ್ದೆ. ಹೆಚ್ಚು ಸಲ ನನ್ನ ಮಾತೇ ನಿಜವಾಗುತ್ತಿತ್ತು. ಹಾಗಾಗಿ ನನಗೆ ಕೋಡು ಮೂಡಿದ್ದವು.

ಹೆಂಡತಿಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾದದ್ದು ಚಿತ್ತಾಪುರದಲ್ಲಿ. ಯಾವುದೋ ಮದುವೆಗೆ ಹೋದವಳು, ಅಲ್ಲೇ ಪಕ್ಕದ ಶಾಲೆಯಲ್ಲಿ ಪುಕ್ಕಟೆ ತಪಾಸಣೆ ನಡೆದಿದೆಯೆಂದು ಉಳಿದ ಹೆಂಗಸರ ಜೊತೆ ಸಾಲಿಗೆ ನಿಂತಿದ್ದಳು. ಮುನ್ನೂರಾ ನಲವತ್ತು ಬಂತು. ಅವಳು ಆ ಚೀಟಿಯನ್ನು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡು ಬಂದು, ನಾನು ಉಂಡು ಕೈ ತೊಳೆದ ಮೇಲೆ ತೋರಿಸಿದಳು. ಎಷ್ಟೋ ತಿಂಗಳಿಂದ ಹಂಡೆಗಟ್ಟಲೆ ನೀರು ಕುಡಿಯುತ್ತಿದ್ದಳು, ಸಂಜೆಯಾದರೆ ಗೋಡೆಗೆ ಒರಗಿ ಕೂರುತ್ತಿದ್ದಳು. ನಾನು ಬಿಸಿಲು ಅಂದುಕೊಂಡಿದ್ದೆ. ನಮ್ಮ ಕಡೆ ಏನಾದರೂ ಬಿಸಿಲಿನ ಮೇಲೆ ಹಾಕಿಬಿಡಬಹುದು.

ಶಹಾಬಾದಿನ ಡಾಕ್ಟರು ಮಾತ್ರೆ ಬರೆದುಕೊಟ್ಟರು, ಊಟಕ್ಕೆ ಕೂರುವ ಮುಂಚೆ ತಗೊಳ್ಳಬೇಕು ಅಂದರು. ಉಳಿದದ್ದನ್ನು ನಾನು ವಹಿಸಿಕೊಂಡೆ. ಬೆರಳು ಚುಚ್ಚಿ ನೋಡುವ ಮಶಿನ್ ತಂದೆ, ಒಂದು ಉದ್ದನೆಯ ನೋಟ್‌ಬುಕ್ಕಿಗೆ ಗೆರೆ ಎಳೆದೆ. ಬೆಳಗಿನ ಮಾತ್ರೆಗೆ ಎಂಟು ಗಂಟೆ ಅಂತ ಗೊತ್ತುಮಾಡಿ, ಒಂದು ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಎಂಟು ಅಂದರೆ ಎಂಟು. ಸಕ್ಕರೆ ಡಬ್ಬಿಯನ್ನು ನಾನೇ ಸ್ಟೂಲು ಹತ್ತಿ ಅಟ್ಟದ ಮೇಲೆ ಏರಿಸಿದೆ. ಅವಳು ಕೆಳಗೆ ನಿಂತು, ‘ಮಂದಿ ಬಂದ್ರ ಚಾಕ್ಕ ಏನ್ ಹಾಕ್ಲಿ?’ ಅಂತ ಕೇಳಿದಳು. ‘ಮಂದೀಗೂ ಸಕ್ಕರಿ ಬ್ಯಾಡ’ ಅಂದೆ. ಆಮೇಲೆ ಡಬ್ಬಿ ಯಾವಾಗ ಕೆಳಗಿಳಿದು ಎಲ್ಲಿ ಸೇರಿತೋ ನನಗೆ ಗೊತ್ತಿಲ್ಲ, ನನ್ನ ಚಹಾ ಮಾತ್ರ ಸಿಹಿಯಾಗಿಯೇ ಬರುತ್ತಿತ್ತು.

ಮಾತ್ರೆ ಶುರುವಾಗಿ ಎರಡು ವಾರ ಆಗಿರಬೇಕು. ಆ ವಾರ ನನ್ನದು ಎರಡನೇ ಪಾಳಿ. ಮಧ್ಯಾಹ್ನ ಡ್ಯೂಟಿಗೆ ಹೋದರೆ ಸಾಕು, ಹಾಗಾಗಿ ತಡವಾಗಿ ಎದ್ದು ಪೇಪರ್ ಓದುತ್ತ ಕೂತಿದ್ದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವಳು ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು. ಹಣೆ, ಕುತ್ತಿಗೆಯೆಲ್ಲ ಬೆವರು. ಒಂದು ಕೈಯ ಮುಷ್ಟಿ ಬಿಗಿಯಾಗಿತ್ತು.

‘ಯಾಕೋ ಜೀವ ಹೆಂಗೆಂಗೋ ಆಗಾಕತ್ತದ್ರಿ. ಕೈಕಾಲ್ ನಡಗಾಕತ್ತಾವ. ಎದಿ ಡಬಡಬ ಬಡ್ಕೊಳಾಕತ್ತದ.’

‘ಕೈಯಾಗ ಏನದ?’

ಮುಷ್ಟಿ ಬಿಚ್ಚಿದಳು. ಸಕ್ಕರೆ. ಬೆವರಿಗೆ ಅಂಟಿಕೊಂಡು ಹಿಟ್ಟಿನ ಜೊತೆ ಬೆರೆತಿತ್ತು. ನಾನು ಗದರಿದೆ. ಕೂರಿಸಿ, ಕೈ ತೊಳೆಸಿ, ಬೆರಳು ಚುಚ್ಚಿದೆ. ನೂರಾ ಹದಿನೆಂಟು ಅಂತ ತೋರಿಸಿತು.

ನನಗೆ ಆ ಕ್ಷಣ ಆದ ಸಂತೋಷ ಎಂಥದ್ದೆಂದರೆ, ಪಾಸಾದ ಹುಡುಗನ ಅಪ್ಪನಂತೆ ಎದ್ದು ನಿಂತೆ. ಮುನ್ನೂರಾ ನಲವತ್ತರಿಂದ ನೂರಾ ಹದಿನೆಂಟು! ನನ್ನ ಗೆರೆ, ನನ್ನ ಎಂಟು ಗಂಟೆ, ನನ್ನ ಶಿಸ್ತು.

‘ಏ ಹುಚ್ಚಿ, ಇವತ್ತು ನಿನ್ನ ಸಕ್ಕರಿ ಮಂದಿ ಸಕ್ಕರಿ ಹಂಗ ಅದ. ನಾರ್ಮಲ್! ಇದಕ್ಯಾಕ ನಡಗ್ತಿ?’

‘ನಡಗಾಕತ್ತದಲ್ರಿ ಮತ್ತ’ ಅಂದಳು. ಕೈ ಮುಂದೆ ಚಾಚಿ ತೋರಿಸಿದಳು. ಬೆರಳುಗಳು ನಿಜಕ್ಕೂ ನಡುಗುತ್ತಿದ್ದವು. ನಾನು ಕಣ್ಣಾರೆ ನೋಡಿದೆ. ನೋಡಿಯೂ ಮಶಿನ್ನನ್ನು ಅವಳ ಮುಖದ ಹತ್ತಿರ ಹಿಡಿದು, ‘ಇದು ಸುಳ್ಳು ಹೇಳ್ತದೇನು? ನಾಟಕ ಸಾಕು, ರೊಟ್ಟಿ ನೋಡು ಹೋಗು’ ಅಂದೆ. ಥೂ ನನ್ನ ಬಾಯಿಗೆ. ಅವಳು ಹೋಗಿ ರೊಟ್ಟಿಗೆ ಕೂತಳು. ಆ ದಿನದ ರೊಟ್ಟಿಗಳು ಅಂಚು ಹರಿದು ಬಂದವು, ಅದಕ್ಕೂ ನಾನೊಂದು ಮಾತು ಅಂದೆ.

ಇದು ಇಷ್ಟಕ್ಕೇ ನಿಂತಿದ್ದರೆ ಬರೆಯುತ್ತಿರಲಿಲ್ಲವೇನೋ. ನನಗೆ ಮಾತಿನ ಚಟ. ನಾಲ್ಕು ಜನ ನಕ್ಕರೆ ಐದನೆಯವನಿಗೂ ಹೇಳಬೇಕು. ಮರುದಿನ ಕಂಟ್ರೋಲ್ ರೂಮಿನಲ್ಲಿ ಶುರುಮಾಡಿದೆ: ‘ನಮ್ಮ ಮನ್ಯಾಕಿ ಸಕ್ಕರಿ ಮುನ್ನೂರಿದ್ರ ಗಟ್ಟಿಮುಟ್ಟ ಇರ್ತಾಳ, ನೂರಕ್ಕ ಬಂತಂದ್ರ ಗಡಗಡ ನಡಗ್ತಾಳ. ಆಕೀಗಿ ಆರಾಮ ಇದ್ರನ ಜಡ್ಡು ನೋಡ್ರಿ!’ ಹೊಟ್ಟೆ ಹಿಡಿದು ನಕ್ಕರು. ಸ್ಟೇಷನ್ನಿನ ಎದುರಿನ ಚಹಾದಂಗಡಿಯಲ್ಲಿ ಹೇಳಿದೆ. ಫೋನಿನಲ್ಲಿ ಸೇಡಂನ ನನ್ನ ತಂಗಿಗೆ ಹೇಳಿದೆ, ಅವಳು ಸ್ಪೀಕರಿಗೆ ಹಾಕಿ ಮನೆಮಂದಿಗೆಲ್ಲ ಕೇಳಿಸಿದಳು. ಹೇಳಿ ಹೇಳಿ ನಡುಗುವುದನ್ನೂ ಮಾಡಿ ತೋರಿಸಲು ಕಲಿತೆ.

ಐನಾಪುರದಲ್ಲಿ ಮಾಡಿದ್ದು ಮಾತ್ರ ಇವತ್ತಿಗೂ ನೆನೆದರೆ ಕಿವಿ ಬಿಸಿಯಾಗುತ್ತದೆ. ಅದು ಅವಳ ತವರು. ಅಣ್ಣನ ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆವು. ಗಂಡಸರು ಪಂಕ್ತಿಯಲ್ಲಿ ಕೂತಿದ್ದೆವು, ಅವಳು ನೀರಿನ ತಂಬಿಗೆ ಹಿಡಿದು ಸಾಲಿನಲ್ಲಿ ಬರುತ್ತಿದ್ದಳು. ಯಾರೋ, ‘ಅಕ್ಕಗ ಸಕ್ಕರಿ ಅಂತಲ್ರಿ ಮಾಮಾ, ಹೆಂಗದಾಳ?’ ಅಂತ ಕೇಳಿದರು. ಕೇಳಿದ್ದೇ ತಡ, ನಾನು ಎರಡೂ ಕೈ ಎತ್ತಿ ನಡುಗಿಸಿ, ಕಣ್ಣು ಮೇಲೆ ಮಾಡಿ, ‘ನಾರ್ಮಲ್ ಆಗ್ಯದ್ರೀ, ಸಾಯ್ತೀನ್ರೀ!’ ಅಂದೆ. ಇಡೀ ಪಂಕ್ತಿ ನಕ್ಕಿತು. ಅವಳ ಅಣ್ಣಂದಿರೂ ನಕ್ಕರು. ಅವಳೂ ನಕ್ಕಳು. ನಕ್ಕು ನನ್ನ ಲೋಟಕ್ಕೆ ನೀರು ಹಾಕಿ ಮುಂದೆ ಹೋದಳು. ಹೋಳಿಗೆ ಇನ್ನೊಂದು ಹಾಕಿಸಿಕೊಂಡೆ ನಾನು.

ಅದಾದ ಮೇಲೆ ಅವಳು ನಡುಕದ ಮಾತು ಎತ್ತಲಿಲ್ಲ. ವಾರಗಟ್ಟಲೆ ಕಾದೆ, ಇಲ್ಲ. ನಾನೇ ಕೇಳಿದೆ, ‘ಏನ, ಈಗ ನಡಗೋದಿಲ್ಲೇನು?’ ‘ಇಲ್ರಿ, ಆರಾಮದೀನಿ’ ಅಂದಳು. ನೋಡಿದಿರಾ, ಗುಣವಾಯಿತು ಅಂತ ನಾನು ಕಂಟ್ರೋಲ್ ರೂಮಿನಲ್ಲಿ ಮೀಸೆಯ ಮೇಲೆ ಕೈಯಾಡಿಸಿದೆ.

ನಾವಿದ್ದದ್ದು ರೈಲ್ವೆ ಹಳಿಯ ಆಚೆ, ಮೂರು ಬಾಡಿಗೆ ಮನೆಗಳ ಒಂದು ಸಾಲಿನಲ್ಲಿ. ಹಿಂದೆ ಮೂರೂ ಮನೆಗೆ ಸೇರಿ ಒಂದೇ ಅಂಗಳ, ಒಂದೇ ನಲ್ಲಿ. ಪಕ್ಕದ ಮನೆಯಾಕೆ ಜಂಪರು ಹೊಲಿಯುತ್ತಿದ್ದಳು, ಅವಳ ಗಂಡ ರೈಲ್ವೆಯಲ್ಲಿ. ಹೊಲಿಗೆ ಮಶಿನ್ ಹಿತ್ತಲ ಬಾಗಿಲಲ್ಲೇ ಇಟ್ಟುಕೊಂಡು ಕೂರುತ್ತಿದ್ದಳು. ನನ್ನ ಹೆಂಡತಿ ಮತ್ತು ಅವಳು ಒಬ್ಬರಿಗೊಬ್ಬರು ‘ಭಾಭಿ’ ಅನ್ನುತ್ತಿದ್ದರು. ಇವಳು ದಿನಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿ ಬರುತ್ತಿದ್ದಳು. ಹೆಂಗಸರ ಹರಟೆ ಅಂದುಕೊಂಡಿದ್ದೆ.

ಕೆಲವು ತಿಂಗಳ ಮೇಲೆ ಒಂದು ಭಾನುವಾರ ನಾನು ಬೆಳಿಗ್ಗೆ ಏಳಕ್ಕೇ ಶಹಾಬಾದಿಗೆ ಹೊರಟೆ. ನಿವೃತ್ತಿಗೆ ಮುಂಚೆ ಸ್ವಂತ ಮನೆ ಮುಗಿಸಬೇಕಿತ್ತು, ನೆಲಕ್ಕೆ ಹಾಕುವ ಪರಸಿ ಕಲ್ಲು ನೋಡುವುದಿತ್ತು. ‘ಬಂದು ಉಣ್ತೀನಿ, ಎಂಟಕ್ಕ ಮಾತ್ರಿ ಮರೀಬ್ಯಾಡ’ ಅಂತ ಹೇಳಿ ಹೋದೆ. ಕಲ್ಲಿನ ಅಂಗಳದಲ್ಲಿ ಬಣ್ಣ ನೋಡಿ, ಬೆರಳಿನಿಂದ ಬಡಿದು ನೋಡಿ, ಮಾರುವವರೊಡನೆ ದರಕ್ಕೆ ಗುದ್ದಾಡಿ, ಪರಿಚಯದವರು ಸಿಕ್ಕು ಚಹಾ ಮಿರ್ಚಿ ಆಗಿ, ಮನೆ ಸೇರಿದಾಗ ಮಧ್ಯಾಹ್ನ ಒಂದು. ಫೋನು ಮಾಡಬಹುದಿತ್ತು. ಮಾಡಲಿಲ್ಲ.

ಬಂದವನೇ ‘ತಾಟು ಹಾಕು’ ಅಂದೆ. ಹಾಕಿದಳು. ಪುಂಡಿಪಲ್ಯ ಬಡಿಸಿದಳು, ರೊಟ್ಟಿ ಇಟ್ಟಳು. ಆಮೇಲೆ ತಂಬಿಗೆ ತಂದು ಲೋಟದ ಬದಲು ರೊಟ್ಟಿಯ ಮೇಲೆ ನೀರು ಹೊಯ್ದಳು. ಧಾರೆ ನಿಲ್ಲಿಸಲೂ ಇಲ್ಲ, ತಾಟು ತುಂಬಿ ನನ್ನ ತೊಡೆಯ ಮೇಲೆ ಹರಿಯಿತು.

‘ಕಣ್ಣ ಎಲ್ಲಿಟ್ಟೀ?’ ಅಂತ ನಾನು ಸೂರು ಹಾರುವಂತೆ ಒದರಿದೆ.

ಅವಳು ನನ್ನನ್ನು ನೋಡಿ ನಕ್ಕಳು. ಅದು ಅವಳ ನಗುವಾಗಿರಲಿಲ್ಲ. ತಂಬಿಗೆ ಕೈಯಿಂದ ಜಾರಿತು. ಮೆಲ್ಲಗೆ ಗೋಡೆಗುಂಟ ಇಳಿದು ಕೂತಳು. ಜಂಪರು ತೊಯ್ದು ಮೈಗೆ ಹತ್ತಿತ್ತು, ತುಟಿ ಬೆಳ್ಳಗಾಗಿತ್ತು. ಹೆಸರು ಹಿಡಿದು ಕರೆದೆ, ಮಾತಿಲ್ಲ.

ನಾನು ಆಗ ಏನು ಮಾಡಿದೆ? ಮಶಿನ್ ತರಲು ಓಡಿದೆ. ಕಣ್ಣೆದುರು ಹೆಂಡತಿ ಕುಸಿದು ಕೂತಿದ್ದಾಳೆ, ನಾನು ರಕ್ತ ಹಚ್ಚುವ ಪಟ್ಟಿ ತೆಗೆದು ಮಶಿನ್ನಿಗೆ ಸಿಕ್ಕಿಸುತ್ತಿದ್ದೇನೆ. ಬೆರಳ ತುಂಬ ಬೆವರು, ಮೊದಲ ಪಟ್ಟಿ ತಪ್ಪು ತೋರಿಸಿತು. ಎರಡನೆಯದಕ್ಕೆ ರಕ್ತ ಸಾಲಲಿಲ್ಲ. ಮತ್ತೆ ಚುಚ್ಚಿದೆ. ಅಷ್ಟರಲ್ಲಿ ನನ್ನ ಒದರಾಟ ಕೇಳಿ ಪಕ್ಕದ ಮನೆಯಾಕೆ ಹಿತ್ತಲಿನಿಂದ ಬಂದಳು.

‘ಯಾ ಅಲ್ಲಾ! ಭಾಯ್, ಆ ಮಶಿನ್ ಕೆಳಗಿಡ್ರಿ! ಸಕ್ಕರಿ ಎಲ್ಲದ?’

ನನಗೆ ಗೊತ್ತಿರಲಿಲ್ಲ. ನನ್ನದೇ ಮನೆಯ ಅಡುಗೆಮನೆಯಲ್ಲಿ ಸಕ್ಕರೆ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಅವಳು ನನ್ನ ಮುಖ ನೋಡಿ ಕಾಯಲಿಲ್ಲ. ತನ್ನ ಮನೆಗೆ ಓಡಿ, ಒಂದು ಸ್ಟೀಲ್ ಲೋಟದಲ್ಲಿ ಗಟ್ಟಿ ಸಕ್ಕರೆ ನೀರು ಕಲಸಿಕೊಂಡು ಬಂದಳು. ಇವಳ ತಲೆಯನ್ನು ತನ್ನ ಭುಜಕ್ಕೆ ಆನಿಸಿಕೊಂಡು, ‘ಭಾಭಿ, ನಾನದೀನಿ. ನುಂಗ್ತೀ? ಜರಾ ನುಂಗು ನೋಡೋಣ’ ಅಂತ ಮೊದಲು ಎರಡು ಹನಿ ಹಾಕಿ, ಗಂಟಲು ಅಲುಗಿದ್ದನ್ನು ನೋಡಿಕೊಂಡು ಗುಟುಕು ಗುಟುಕಾಗಿ ಕುಡಿಸಿದಳು. ಆ ಹೊತ್ತಿಗೆ ಮೂರನೆಯ ಪಟ್ಟಿಗೆ ರಕ್ತ ಹತ್ತಿ ಮಶಿನ್ ಪಿಂವ್ ಅಂತು.

‘ನಲವತ್ಮೂರು!’ ಅಂತ ನಾನು ಕೂಗಿದೆ.

ಆ ಕೂಗಿನಲ್ಲಿ ಗಾಬರಿ ಇತ್ತು, ಸರಿ. ಅದರ ಕೆಳಗೆ ಇನ್ನೊಂದು ಇತ್ತು, ಅದನ್ನೂ ಹೇಳಬೇಕು. ಹಾಗಾದರೆ ಇದು ಖರೆ, ಇದು ನಾಟಕ ಅಲ್ಲ ಎಂಬ ಸಮಾಧಾನ. ಅವಳು ಅರೆಜೀವವಾಗಿ ಬಿದ್ದಾಗಲೂ ನನಗೆ ಒಪ್ಪಿಗೆಯಾಗಲು ಒಂದು ಅಂಕಿ ಬೇಕಾಗಿತ್ತು. ಇಂಥ ಗಂಡ ನಾನು.

ಕಾಲು ತಾಸಿನಲ್ಲಿ ಅವಳ ಕಣ್ಣಿಗೆ ಬೆಳಕು ಬಂತು. ಮೊದಲ ಮಾತು, ‘ಇವರ ಊಟ ಆತೇನ?’ ಅಂತ. ಪಕ್ಕದ ಮನೆಯಾಕೆ ಅವಳಿಗೆ ಒಂದು ರೊಟ್ಟಿ ತಿನ್ನಿಸಿ ಮಲಗಿಸಿದಳು. ಅಂಗಳಕ್ಕೆ ಬಂದ ಮೇಲೆ ಆ ಪಕ್ಕದ ಮನೆಯಾಕೆಯನ್ನು ಕೇಳಿದೆ, ಇದೆಲ್ಲ ನಿನಗೆ ಹೇಗೆ ತಿಳಿಯಿತು ಅಂತ. ಅವಳು ಒಮ್ಮೆ ನಮ್ಮ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದಳು.

‘ಭಾಭಿ ಬರ್ತಾಳಲ್ರಿ ನಮ್ಮನಿಗಿ, ನಡುಕ ಬಂದಾಗ. ಐದಾರು ತಿಂಗಳಾತು. ಆ ಲೋಟ ಆಕೀದ, ಬ್ಯಾರೇನ ಇಟ್ಟೀನಿ. ಕುಡದು ಜರಾ ಕುಂತು ಹೋಗ್ತಾಳ. ನಿಮ್ಮ ಸೆಕೆಂಡ್ ಶಿಫ್ಟ್ ಇದ್ದ ವಾರ ಜಾಸ್ತಿ ಆಗ್ತದ. ನಾ ಅಂದೆ, ಭಾಯ್‌ಗ ಹೇಳು ಅಂತ. ಬ್ಯಾಡ ಅಂದ್ಲು.’

ಎರಡನೇ ಪಾಳಿಯ ವಾರ ಅಂದರೆ ನಾನು ಮುಂಜಾನೆಯೆಲ್ಲ ಮನೆಯಲ್ಲೇ ಇರುವ ವಾರ.

ಮರುದಿನ ಡಾಕ್ಟರ ಹತ್ತಿರ ಹೋದೆವು. ನೋಟ್‌ಬುಕ್ ಒಯ್ದಿದ್ದೆ. ಅವರು ಅದರ ಪುಟ ತಿರುವಿ, ಅಕ್ಷರ ಚೆನ್ನಾಗಿದೆ ಅಂದರು. ಆಮೇಲೆ ನನ್ನನ್ನು ಬಿಟ್ಟು ಅವಳನ್ನು ಕೇಳಿದರು.

‘ಮಾತ್ರಿ ಎಂಟಕ್ಕ ತಗೋತೀರಿ. ಊಟ ಎಷ್ಟಕ್ಕವ್ವ?’

‘ಇವರದಾದ ಮ್ಯಾಲ್ರಿ.’

‘ಇವರದು ಎಷ್ಟಕ್ಕ?’

‘ಅದು ಪಾಳಿ ಮ್ಯಾಲ್ರಿ. ಒಮ್ಮೆ ಎಂಟೂವರಿ, ಒಮ್ಮೆ ಹತ್ತು, ಹನ್ನೊಂದು. ನಿನ್ನಿ ಒಂದಾತು.’

ಡಾಕ್ಟರು ಪೆನ್ನು ಕೆಳಗಿಟ್ಟರು. ಗಂಡ ಉಂಡ ಮೇಲೆ ಹೆಂಡತಿ ಉಣ್ಣುವುದು ನಮ್ಮ ಮನೆಗಳಲ್ಲಿ ಯಾರೂ ಹೇಳಿಕೊಡದ ಪದ್ಧತಿ. ನನ್ನ ಅವ್ವ ಹಾಗೇ ಉಂಡಳು, ಅವಳ ಅವ್ವನೂ ಹಾಗೇ. ಗಡಿಯಾರ ನೋಡಿ ಮಾತ್ರೆ ನುಂಗಿಸಿದ ನಾನು ಅವಳ ತಾಟಿನ ಕಡೆ ಒಂದು ದಿನವೂ ನೋಡಿರಲಿಲ್ಲ. ಇಡೀ ನೋಟ್‌ಬುಕ್ಕಿನಲ್ಲಿ ಊಟಕ್ಕೆ ಒಂದು ಗೆರೆ ಇರಲಿಲ್ಲ.

ನನ್ನ ಕಡೆ ಇನ್ನೊಂದು ಅಸ್ತ್ರ ಉಳಿದಿತ್ತು. ‘ನಿನ್ನಿ ಖರೇನ ಕಮ್ಮಿ ಆಗಿತ್ತು ಸರ್, ಒಪ್ಕೋತೀನಿ. ಆದ್ರ ಮೊದಲ ಸಲ ನಡಗಿದಾಗ ನೂರಾ ಹದಿನೆಂಟಿತ್ತು. ಅದು ನಾರ್ಮಲ್ ಅಲ್ಲೇನು?’

‘ನಂಬರ್ ನಾರ್ಮಲ್. ಆದ್ರ ಎಲ್ಲಿಂದ ಬಂತು, ಎಷ್ಟು ಜಲ್ದಿ ಬಂತು ಅನ್ನೋದೂ ನೋಡಬೇಕಲ್ರಿ. ತಿಂಗಳಾನುಗಟ್ಟಲೆ ಮುನ್ನೂರು ಚಿಲ್ಲರಕ್ಕ ರೂಢಿ ಆದ ಮೈ ಅದು. ಒಮ್ಮೆಲೇ ಕೆಳಗ ದೂಡಿದ್ರ ಗಾಬರಿ ಬೀಳ್ತದ. ಬೆವರು, ನಡುಕ, ಎದಿ ಬಡ್ಕೊಳ್ಳೋದು ಎಲ್ಲಾ ಖರೇನ ಆಗ್ತದ. ಅವರು ನಾಟಕ ಮಾಡಿಲ್ಲ.’

ನಾಟಕ ಎಂಬ ಪದವನ್ನು ನಾನು ಅಲ್ಲಿ ಬಳಸಿರಲಿಲ್ಲ. ಅವರು ಇಂಥ ಗಂಡಂದಿರನ್ನು ಬೇಕಾದಷ್ಟು ನೋಡಿರಬೇಕು. ಹೆಂಡತಿ ತನ್ನ ಬಳೆ ತಿರುಗಿಸುತ್ತ ಕೂತಿದ್ದಳು. ನನ್ನ ಕಡೆ ನೋಡಲಿಲ್ಲ, ನನ್ನ ಮರ್ಯಾದೆ ಉಳಿಸಲು.

ವಾಪಸು ಬರುವ ಬಸ್ಸಿನಲ್ಲಿ ನನಗೆ ಹೊಳೆದದ್ದು ಹೇಳಿದರೆ ನೀವು ಉಗಿಯುತ್ತೀರಿ. ಭಟ್ಟಿ ನಿಲ್ಲಿಸುವಾಗ ನಾವು ಅದನ್ನು ಒಮ್ಮೆಲೇ ಆರಿಸುವುದಿಲ್ಲ. ತಾಸಿಗೆ ಇಷ್ಟೇ ಇಳಿಯಬೇಕು ಅಂತ ಲೆಕ್ಕ. ಅವಸರದಲ್ಲಿ ಇಳಿಸಿದರೆ ಒಳಗಿನ ಇಟ್ಟಿಗೆ ಬಿರಿಯುತ್ತದೆ. ಆಗ ‘ಮೀಟರ್ ಈಗ ಛಲೋ ಅದಲ್ಲ’ ಅಂದರೆ ಕೆಲಸದಿಂದ ಕಿತ್ತು ಹಾಕುತ್ತಾರೆ. ಹೊಸಬರಿಗೆ ನಾನೇ ಪಾಠ ಮಾಡುತ್ತಿದ್ದೆ: ಎಷ್ಟಿದೆ ಅಂತ ನೋಡಬೇಡಿ, ಎಷ್ಟು ಬೇಗ ಇಳಿಯುತ್ತಿದೆ ಅಂತ ನೋಡಿ. ಇಟ್ಟಿಗೆಯ ಮೇಲೆ ಇದ್ದ ಕಾಳಜಿ ನನಗೆ ಕಟ್ಟಿಕೊಂಡವಳ ಮೇಲೆ ಇರಲಿಲ್ಲ. ಮುಖ ಕಿಟಕಿಯ ಕಡೆ ತಿರುಗಿಸಿಕೊಂಡು ಕೂತೆ.

ಡಾಕ್ಟರು ಮಾತ್ರೆ ಬದಲಿಸಿದರು. ಅವಳು ಮಾತ್ರೆ ತಗೊಂಡು ಅರ್ಧ ತಾಸಿನೊಳಗೆ ಉಣ್ಣಬೇಕು, ನಾನು ಉಂಡರೂ ಬಿಟ್ಟರೂ. ಮೊದಲ ಒಂದು ವಾರ ಅದು ಆಗಲಿಲ್ಲ. ನಾನು ಎದುರಿಗೆ ಹಸಿದು ನಿಂತಿದ್ದರೆ ಅವಳಿಗೆ ತುತ್ತು ಇಳಿಯದು. ‘ನೀವು ಹೊರಗರೆ ಹೋಗ್ರಿ’ ಅಂದಳು. ಕೊನೆಗೆ ನಾನೇ ಅವಳ ಹೊತ್ತಿಗೆ ಕೂರಲು ಶುರುಮಾಡಿದೆ, ಎರಡು ತಾಟು ಎದುರುಬದುರು. ಮದುವೆಯಾಗಿ ಮೂವತ್ತು ವರ್ಷವಾದ ಮೇಲೆ ಅವಳು ಖಾರ ಎಷ್ಟು ಹಚ್ಚಿಕೊಳ್ಳುತ್ತಾಳೆ ಅಂತ ನೋಡಿದೆ. ಭಾಳ ಹಚ್ಚಿಕೊಳ್ಳುತ್ತಾಳೆ.

ಸಕ್ಕರೆ ಡಬ್ಬಿಯನ್ನು ಒಲೆಯ ಪಕ್ಕದಲ್ಲೇ ಇಟ್ಟೆ, ಜೊತೆಗೆ ಚಮಚ, ಲೋಟ. ತಪ್ಪಾಯಿತು ಅಂತಲೂ ಅಂದೆ. ಒಮ್ಮೆ ಅಲ್ಲ, ಮೂರ್ನಾಲ್ಕು ಸಲ. ‘ಹೋಗ್ಲಿ ಬಿಡ್ರಿ, ಅದನ್ನೇ ಏನ್ ಹಿಡ್ಕೊಂಡ್ ಕುಂತೀರಿ’ ಅಂತ ಅವಳು ಪ್ರತಿ ಸಲವೂ ಮಾತು ಮುಗಿಸಿದಳು. ‘ನಡುಕ ಬಂದ್ರ ನನಗ ಹೇಳು’ ಅಂದೆ. ‘ಹೇಳ್ತೀನ್ರಿ’ ಅಂದಳು.

ಹೋದ ತಿಂಗಳ ಮಾತು. ನಾನು ನಿವೃತ್ತನಾದ ಮೇಲೂ ನಾವು ಅದೇ ಬಾಡಿಗೆ ಮನೆಯಲ್ಲಿದ್ದೇವೆ, ಸ್ವಂತ ಮನೆ ಇನ್ನೂ ಮುಗಿದಿಲ್ಲ. ಬೆಳಗಿನ ಹೊತ್ತು. ಹಿತ್ತಲ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದೆ. ಅವಳು ಗ್ಯಾಸ್ ಆರಿಸಿದ ಸದ್ದಾಯಿತು. ಹೊರಗೆ ಬಂದಳು. ಒಂದು ಕೈ ಗೋಡೆಯ ಮೇಲಿತ್ತು, ಮೇಲ್ತುಟಿಯ ಮೇಲೆ ಬೆವರು ಕೂತಿತ್ತು. ಒಲೆಯ ಪಕ್ಕದ ಸಕ್ಕರೆಯನ್ನು ಬಿಟ್ಟು, ಕುರ್ಚಿಯಲ್ಲಿ ಕೂತ ನನ್ನನ್ನು ದಾಟಿ, ಅಂಗಳ ಹಾದು ಪಕ್ಕದ ಮನೆಯೊಳಗೆ ಹೋದಳು. ಹೊಲಿಗೆ ಮಶಿನ್ ನಿಂತಿತು. ಲೋಟದಲ್ಲಿ ಚಮಚ ತಿರುಗಿಸುವ ಸದ್ದು ನನಗೆ ಕೇಳಿಸಿತು. ನಾನು ಏಳಲಿಲ್ಲ.

ಹತ್ತು ನಿಮಿಷಕ್ಕೆ ಮುಖ ಒರೆಸಿಕೊಂಡು ಬಂದಳು.

‘ಇಲ್ಲೇ ಕುಂತಿದ್ನಲ್ಲ’ ಅಂದೆ. ಗದರಲಿಲ್ಲ. ಗದರುವ ಅಧಿಕಾರ ಹೋಗಿ ಎಷ್ಟೋ ದಿನವಾಗಿತ್ತು. ‘ನನಗ್ಯಾಕ ಹೇಳಲಿಲ್ಲ?’

ಅವಳು ನಿಂತಳು. ಸುಳ್ಳು ಹೇಳಲು ಹೊರಟವಳು ಬೇಡವೆಂದು ಬಿಟ್ಟದ್ದು ಮುಖದಲ್ಲಿ ಕಂಡಿತು.

‘ನಿಮಗ ಹೇಳಬೇಕಂದ್ರ ಅದು ಖರೆ ಇರಬೇಕಾಗ್ತದ್ರಿ. ಆಕೀಗಿ ಹೇಳಾಕ ನಡುಕ ಬಂದ್ರ ಸಾಕು.’

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ‘ಏಳ್ರಿ, ಊಟದ ಹೊತ್ತಾತು’ ಅಂತ ಒಳಗೆ ಹೋಗಿ ಎರಡು ತಾಟು ಹಾಕಿದಳು. ಹೋಗಿ ಅವಳ ಎದುರಿಗೆ ಕೂತೆ.